ತುಲ್ಲಿಯೊನ ಸಿಟ್ಟು

ತುಲ್ಲಿಯೊನಿಗೆ ಸಿಟ್ಟು ಮೊದಲು ಬರುತ್ತಿದ್ದದ್ದು ಕಿವಿಗೆ. ಕಿವಿಯ ತುದಿ ಕೆಂಪಾಗಿ, ಆ ಕೆಂಪು ಕತ್ತಿಗಿಳಿದು, ಮಾತು ಹೊರಡುವ ಹೊತ್ತಿಗೆ ಎದುರಿಗಿದ್ದವರು ಮೆಲ್ಲಗೆ ಜಾಗ ಖಾಲಿ ಮಾಡಿರುತ್ತಿದ್ದರು. ನಮ್ಮ ಕರಾರಾ ಊರಿನ ಅಮೃತಶಿಲೆಯ ಬೆಟ್ಟದಲ್ಲಿ ಗಣಿಗಾರನ ಮಗನಾಗಿ ಹುಟ್ಟಿ, ಯಾಜಕನಾಗಿ, ಬಿಷಪ್ಪನಾಗಿ, ಕಡೆಗೆ ಅನ್ಸೆಲ್ಮೊ ಎಂಬ ಹೆಸರು ಹೊತ್ತು ಪೋಪ್ ಪೀಠವೇರಿದ ಮೇಲೂ ಆ ಕಿವಿ ಅವನ ಹಿಡಿತಕ್ಕೆ ಸಿಗಲಿಲ್ಲ. ಬಿಳಿಯ ಟೊಪ್ಪಿಗೆಯ ಕೆಳಗೆ ಇನ್ನಷ್ಟು ಎದ್ದು ಕಾಣುತ್ತಿತ್ತು. ಟಿವಿಯಲ್ಲಿ ಅವನನ್ನು ಕಂಡೊಡನೆ ಅವನ ಅಕ್ಕ ಒರ್ಸೊಲಾ ಹೆಣಿಗೆಯನ್ನು ತೊಡೆಯ ಮೇಲಿಟ್ಟು, "ನೋಡ್ರೇ ಕಿವೀನ, ಯಾರಿಗೋ ಗ್ರಹಚಾರ ಕಾದಿದೆ" ಅನ್ನುತ್ತಿದ್ದಳು. ಮರುಗಳಿಗೆಯೇ ಯಾವ ದೇಶದ್ದೋ ಮಂತ್ರಿಗೆ ಮಂಗಳಾರತಿ ಆಗುತ್ತಿತ್ತು.

ಲೋಕಕ್ಕೆ ಅವನು ಪರಮಪೂಜ್ಯ, ನಮ್ಮೂರಿಗೆ ಕೊನೆಯವರೆಗೂ ಬರೀ ತುಲ್ಲಿಯೊ. ಒರ್ಸೊಲಾಳಂತೂ ಅನ್ಸೆಲ್ಮೊ ಎಂಬ ಹೆಸರನ್ನು ಒಮ್ಮೆಯೂ ಬಾಯಲ್ಲಿ ತರಲಿಲ್ಲ. ಅದು ಕೆಲಸದ ಹೆಸರು, ಕೆಲಸ ಮುಗಿಸಿ ಮನೆಗೆ ಬಂದವನನ್ನು ಯಾರಾದರೂ ಹಾಗೆ ಕರೆಯುತ್ತಾರೆಯೇ ಎಂಬುದು ಅವಳ ವಾದ. ಅವನ ನಡಿಗೆ ಬೆಟ್ಟ ಹತ್ತುವವರ ನಡಿಗೆ: ಎದೆ ಮುಂದಕ್ಕೆ ಬಾಗಿ, ಕೈ ಹಿಂದಕ್ಕೆ ಕಟ್ಟಿ, ರೋಮಿನ ನುಣುಪು ನೆಲದ ಮೇಲೂ ಏರು ಹತ್ತುತ್ತಿದ್ದಾನೇನೋ ಎಂಬಂತೆ ಅವನು ಹೊರಟರೆ, ನಯನಾಜೂಕಿನ ಪರಿವಾರವೆಲ್ಲ ಏದುಸಿರು ಬಿಡುತ್ತ ಹಿಂದೆ ಓಡಬೇಕಾಗುತ್ತಿತ್ತು. ಯಾರಾದರೂ ಹೊಗಳಿಕೆಗೆ ಪೀಠಿಕೆ ಹಾಕಿದರೆ "ಆಮೇಲೆ?" ಎಂದಷ್ಟೇ ಕೇಳುವನು. ಅವರು ಇನ್ನೊಂದಿಷ್ಟು ಹೊಗಳಿದರೆ ಮತ್ತೆ "ಆಮೇಲೆ?" ಹೊಗಳಿಕೆಯ ಸರಕು ತೀರಿ, ಬಂದ ಕೆಲಸವೇನೆಂದು ಅವರೇ ಬಾಯಿಬಿಡುವ ತನಕ ಈ ಚಿತ್ರಹಿಂಸೆ ನಡೆಯುತ್ತಿತ್ತು.

ಆ ಸಿಟ್ಟಿನ ಬೇರು ಒರ್ಸೊಲಾಳಿಗೆ ಗೊತ್ತು. ತುಲ್ಲಿಯೊ ನಮ್ಮೂರ ಚರ್ಚಿಗೇ ಎಳೆಯ ಯಾಜಕನಾಗಿ ಬಂದಿದ್ದ ಕಾಲದಲ್ಲಿ, ತೊನಾರೆಲ್ಲಿ ಧಣಿಯ ಗಣಿಯಲ್ಲಿ ಬಂಡೆ ಇಳಿಸುವ ಉಕ್ಕಿನ ಹಗ್ಗ ಹರಿದು ಒರೆಸ್ತೆ ಎಂಬವನು ಸತ್ತ. ಕೊಂಬು ಕೂಗಿತು; ನಮ್ಮಲ್ಲಿನ ರೂಢಿಯಂತೆ ಎಲ್ಲ ಗಣಿಗಳ ಕೆಲಸವೂ ನಿಂತು ಆಳುಗಳೆಲ್ಲ ಬೆಟ್ಟ ಇಳಿದರು. ನಮ್ಮ ಗಣಿಗಾರರು ದೇವರನ್ನೂ ದೊರೆಯನ್ನೂ ಒಪ್ಪದ ಜನ. ಸಾವಿಗೆ ಹೆಂಗಸರು ಚರ್ಚಿನೊಳಗೆ ಹೋಗುತ್ತಾರೆ, ಗಂಡಸರು ಟೊಪ್ಪಿ ತೆಗೆಯದೆ ಹೊರಗಿನ ಚೌಕದಲ್ಲೇ ನಿಲ್ಲುತ್ತಾರೆ. ಅಂದು ಶವಪೆಟ್ಟಿಗೆಯ ಮೇಲೆ ಚಿನ್ನದಕ್ಷರದ ಪಟ್ಟಿಯ ದೊಡ್ಡ ಹೂಚಕ್ರವೊಂದು ಕೂತಿತ್ತು, ಧಣಿಯ ಕಡೆಯಿಂದ ಬಂದದ್ದು. ತುಲ್ಲಿಯೊನ ಕಿವಿ ಕೆಂಪಾಯಿತು. ಪೂಜೆಯನ್ನು ನಡುವೆಯೇ ನಿಲ್ಲಿಸಿ, ಹೂಚಕ್ರವನ್ನೆತ್ತಿಕೊಂಡು ಬಾಗಿಲಾಚೆ ಬಂದವನು ಅದನ್ನು ಮೆಟ್ಟಿಲ ಕೆಳಗೆ ಧಣಿಯ ಕಾರಿನ ಮುಂದಕ್ಕೆ ಎಸೆದ.

"ಹೂವು ಯಾರಿಗ್ರೀ ಬೇಕು? ಹಗ್ಗ ಬದಲಾಯಿಸ್ರೀ!"

ಚೌಕದಲ್ಲಿದ್ದ ಮುದುಕ ಗಾಸ್ಪರೆ ಪಕ್ಕದವನ ಕಡೆ ತಿರುಗಿ, "ಚರ್ಚಿಗೆ ಸೇರಿ ಹುಡುಗ ಹಾಳಾದ ಅಂದ್ಕೊಂಡಿದ್ವಲ್ಲೋ, ಪರವಾಗಿಲ್ಲ ಕಣೋ" ಅಂದನಂತೆ. ಹಗ್ಗ ಬದಲಾಯಿತು. ತುಲ್ಲಿಯೊನಿಗೂ ಊರು ಬದಲಾಯಿತು. ಧಣಿಯ ಮಾತು ಕೇಳಿ ಬಿಷಪ್ಪರು ಅವನನ್ನು ಸೊಳ್ಳೆ ತುಂಬಿದ ಜವುಗುನಾಡಿಗೆ ಅಟ್ಟಿದರು.

ಈಗ ಅವನಿಲ್ಲ. ಇಲ್ಲದ ಮೇಲೆ ಎಲ್ಲರಿಗೂ ಅವನ ಮೇಲೆ ಅದೆಷ್ಟು ಪ್ರೀತಿ! ಸಂತಪದವಿಗೆ ವಿಚಾರಣೆ ಶುರುವಾಗಿದ್ದೇ ತಡ, ಕೈಯಲ್ಲಿ ಕುರಿಮರಿ, ತುಟಿಯಲ್ಲಿ ಜೇನು ಸುರಿಸುವ ಅವನ ಪಟಗಳು ಅಂಗಡಿಯಂಗಡಿಯಲ್ಲಿ ತೂಗಾಡಿದವು. ಅವನ ಚರಿತ್ರೆಯೆಂದು ಅಚ್ಚಾದ ಪುಸ್ತಿಕೆಯಲ್ಲಿ, ಧಣಿಗಳು ಭಕ್ತಿಯಿಂದ ಕಳಿಸಿದ ಹೂಗಳನ್ನು ಅವನು ಬಡವರ ಗೋರಿಗಳಿಗೆ ಹಂಚಿದನೆಂದು ಬರೆದಿದ್ದಾರೆ. ಹಂಚಿದನಂತೆ! ಇದು ಸಾಲದೆಂದು ತೊನಾರೆಲ್ಲಿಯ ಮೊಮ್ಮಗ ತನ್ನ ಗಣಿಯ ಅತ್ಯುತ್ತಮ ಬಿಳಿಬಂಡೆಯನ್ನು ದಾನ ಕೊಟ್ಟು, ಚೌಕದಲ್ಲಿ ನಿಲ್ಲಿಸಲು ಪ್ರತಿಮೆ ಕೆತ್ತಿಸುತ್ತಿದ್ದಾನೆ. ಶಿಲ್ಪಿ ಕಿವಿಗಳನ್ನು ಪುಟ್ಟದಾಗಿ, ಮುದ್ದಾಗಿ ಕೆತ್ತಿದ್ದಾನೆ. ನಾಚಿಕೆ ಎಂಬುದು ಬೆಟ್ಟ ಇಳಿದು ಎತ್ತ ಹೋಯಿತೋ ಕಾಣೆ.

ಒರ್ಸೊಲಾಳಿಗೆ ಸಾಕ್ಷಿ ಹೇಳಲು ಕರೆ ಬಂತು. ಹೂಚಕ್ರ ಎಸೆದದ್ದನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳು ಅವಳೊಬ್ಬಳೇ. ಅವಳು ಆ ಮಾತು ನುಂಗಿದರೆ ಪುಸ್ತಿಕೆಯ ಕಥೆಯೇ ಖಾಯಂ. ಅಂದು ಬೆಳಿಗ್ಗೆ ಬ್ರೆಡ್ಡಿನಂಗಡಿಯ ನೀವೆಸ್ ದಾರಿಗೆ ಅಡ್ಡ ನಿಂತಳು.

"ಒರ್ಸೊಲಕ್ಕಾ, ಅದೊಂದು ಮಾತು ನುಂಗಿಬಿಡಿ. ತಮ್ಮ ಸಂತ ಆದ್ರೆ ಯಾತ್ರಿಕರ ಬಸ್ಸು ಬರತ್ತೆ, ಊರು ಬದುಕ್ಕೊಳತ್ತೆ."

"ಬಸ್ಸು ಬೇಕಿದ್ರೆ ಮೇಯರನ್ನ ಕೇಳು. ಸತ್ತೋನ ಬಾಯಿಗೆ ಯಾಕೆ ಬಟ್ಟೆ ತುರುಕ್ತೀಯ?"

ಚರ್ಚಿನ ಹಿಂದಿನ ಕೋಣೆಯಲ್ಲಿ, ವಿಚಾರಣೆಗೆಂದು ಬಂದಿದ್ದ ಫಾದರ್ ಎರಾಲ್ದೊ ಸುವಾರ್ತೆಯ ಮೇಲೆ ಅವಳ ಕೈಯಿಡಿಸಿ ಪ್ರಮಾಣ ಮಾಡಿಸಿದರು. ತಮ್ಮನ ಶಾಂತಗುಣದ ಬಗ್ಗೆ ಕೇಳಿದರು. "ಇರ್ಲಿಲ್ಲ" ಅಂದಳು. ಒರೆಸ್ತೆಯ ಸಾವಿನ ದಿನವನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಬರೆದುಕೊಂಡದ್ದನ್ನು ಸಹಿಗೆ ಮುನ್ನ ಓದಿ ಹೇಳುವುದು ಪದ್ಧತಿ, ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದ ಗುಮಾಸ್ತ ಓದಿದ: "ಹೂಚಕ್ರವನ್ನು ದುಃಖದಿಂದ ಹೊರಗಿರಿಸಿದರು."

ಒರ್ಸೊಲಾ ಪೆನ್ನು ಕೆಳಗಿಟ್ಟಳು. "ಇರಿಸಲಿಲ್ಲ, ಎಸೆದ. ದುಃಖದಿಂದಲ್ಲ, ಸಿಟ್ಟಿನಿಂದ."

"ಅಮ್ಮಾ, ಅರ್ಥ ಎರಡೂ ಒಂದೇ ಅಲ್ವೇ?"

"ಒಂದೇ ಆಗಿದ್ರೆ ನಾನು ಹೇಳಿದ್ದನ್ನೇ ಬರೀಬೋದಿತ್ತಲ್ಲ?"

ಫಾದರ್ ಕನ್ನಡಕ ತೆಗೆದು ಒರೆಸಿಕೊಂಡರು. ಪೂಜೆ ನಿಲ್ಲಿಸಿ ಹೂವು ಎಸೆದವರು ಎಂದು ದಾಖಲಾದರೆ ಸಂತಪದವಿ ಎಷ್ಟು ಹಿಂದಕ್ಕೆ ಹೋಗುವುದೋ, ಅಕ್ಕನಾಗಿ ಅವಳು ಯೋಚಿಸಬೇಡವೇ ಎಂದರು.

"ಹೋಗ್ಲಿ ಫಾದರ್. ಸಂತ ಹೌದೋ ಅಲ್ವೋ ದೇವರಿಗೆ ಗೊತ್ತು, ಅವನಿಗೆ ನಿಮ್ಮ ಕಾಗದ ಬೇಕಾಗಿಲ್ಲ. ಹಗ್ಗ ಹಳೇದಾಗಿತ್ತು ಅಂತಾನೂ ಬರೀರಿ. ಯಾರ ಹಗ್ಗ ಅಂತಾನೂ ಬರೀರಿ."

ಗುಮಾಸ್ತ ಫಾದರ್ ಮುಖ ನೋಡಿದ. ಫಾದರ್ ಕಿಟಕಿಯ ಕಡೆ ನೋಡಿದರು. ಕೊನೆಗೆ ಅವನು ಹೊಸ ಹಾಳೆ ತೆಗೆದು, 'ಎಸೆದರು' ಎಂದೇ ಬರೆದ. ತೊನಾರೆಲ್ಲಿಯ ಹೆಸರನ್ನೂ ಬರೆದ. ಒರ್ಸೊಲಾ ಸಹಿ ಹಾಕಿ ಎದ್ದಳು. ನೀವೆಸ್ ಈಗ ಅವಳಿಗೆ ಬ್ರೆಡ್ಡು ಕೊಡುತ್ತಾಳೆ, ಮುಖ ಕೊಡುವುದಿಲ್ಲ.

ಅನ್ಯಾಯ ಕಂಡು ಕಿಡಿಯಾಗುವ ಮನುಷ್ಯರ ಪಾಡೇ ಇದು. ಬದುಕಿರುವಾಗ ಅವರ ಕೋಪವನ್ನು ನಾವು ತಾಳುವುದಿಲ್ಲ, ಸತ್ತ ಮೇಲೆ ಅವರನ್ನು ಕೋಪಿಸಿಕೊಳ್ಳಲು ಬಿಡುವುದಿಲ್ಲ. ಧೂಪ ಹಾಕಿ, ಹಾರ ಹಾಕಿ, ಮಾತಿಲ್ಲದ ಮಂದಹಾಸವೊಂದನ್ನು ಕೊರೆದು ಕೈಮುಗಿದುಬಿಡುತ್ತೇವೆ. ಅಂಥವರು ಯಾರ ಮೇಲೆ, ಯಾತಕ್ಕೆ ಸಿಟ್ಟಾಗಿದ್ದರೆಂದು ಹೆಸರು ಹಿಡಿದು ಹೇಳುವವರು ಹಿಂದೆ ಒಬ್ಬರಾದರೂ ಉಳಿದಿರಬೇಕು. ಇಲ್ಲವಾದರೆ, ಅವರು ಆಯುಷ್ಯವೆಲ್ಲ ಯಾರನ್ನು ಎದುರು ಹಾಕಿಕೊಂಡರೋ, ಅವರೇ ಮುಂದೆ ನಿಂತು ಅವರ ವಿಗ್ರಹ ಕೆತ್ತಿಸುತ್ತಾರೆ.