ಎರಡಾದ ಸರದಿ ಹಲಗೆ

ಒಂದು ಊರು, ಊರಲ್ಲೊಂದು ನಾಲ್ಕಂತಸ್ತಿನ ಮನೆ, ಮನೆಯಲ್ಲಿ ಇಪ್ಪತ್ತನಾಲ್ಕು ಸಂಸಾರ. ಅಷ್ಟೂ ಸಂಸಾರಕ್ಕೆ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ ಒಂದೇ ಒಂದು. ಬಾಗಿಲ ಪಕ್ಕ ಒಂದು ಮರದ ಹಲಗೆ. ಬೇಕಾದ ಹೊತ್ತಿನ ತೂತಿಗೆ ನಿಮ್ಮ ಮನೆಯ ಬೀಗ ಸಿಕ್ಕಿಸಿದರೆ ಸರದಿ ನಿಮ್ಮದು. ಆ ಮನೆಯಲ್ಲಿ ಗಂಡ ಹೆಂಡಿರು ಜಗಳವಾಡಿದ್ದುಂಟು, ಸರದಿಗಾಗಿ ಯಾರೂ ಆಡಿದ್ದಿಲ್ಲ.

ಊರು ಸ್ವೀಡನ್ನಿನ ಉಪ್ಸಾಲಾ. ಹಲಗೆ ಹೋಗಿ ಕಂಪ್ಯೂಟರ್ ಪರದೆ ಬಂದದ್ದು ಕಳೆದ ಶರತ್ಕಾಲದಲ್ಲಿ. ಎರಡನೇ ಅಂತಸ್ತಿನ ತೂವಾ ಪ್ರೋಗ್ರಾಂ ಬರೆಯುವ ಹುಡುಗಿ. ಕೋಣೆಯ ಗೋಡೆಯಲ್ಲಿರುವ ಪರದೆಯಲ್ಲೂ ಸರದಿ ಒತ್ತಬಹುದು, ಹಾಸಿಗೆಯಲ್ಲೇ ಬಿದ್ದುಕೊಂಡು ಫೋನಿನಲ್ಲೂ ಒತ್ತಬಹುದು, ಹಾಗೆ ಅವಳೇ ಬರೆದುಕೊಟ್ಟಿದ್ದಳು. ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಕೋಣೆಯ ಬಾಗಿಲಲ್ಲಿ ಚೀಟಿ ಕಂಡಿತು: "ಕದ್ದ ಸರದಿಯಲ್ಲಿ ಒಗೆದ ಬಟ್ಟೆ ಎಷ್ಟು ಒಗೆದರೂ ಕೊಳೆಯೇ. ಗುನ್‌ವೊರ್, ಇದು ಮೂರನೇ ಸಲ! — ಬಿರ್ಗರ್, ನಾಲ್ಕನೇ ಅಂತಸ್ತು."

ಆ ಮನೆಯ ನಿಯಮದಂತೆ ಒಬ್ಬರ ಮೇಲೆ ಮೂರು ದೂರು ಬಿದ್ದರೆ ಅವರು ಮೂರು ತಿಂಗಳು ಆ ಕೋಣೆಗೆ ಕಾಲಿಡುವ ಹಾಗಿಲ್ಲ. ಅದನ್ನು ತೀರ್ಮಾನಿಸಲು ಅಂದು ಸಂಜೆ ಆರಕ್ಕೇ ಎಲ್ಲ ಸಂಸಾರದವರ ಸಭೆ.

ತೂವಾ ಮೊದಲ ಅಂತಸ್ತಿಗೆ ಓಡಿದಳು. ಎಂಬತ್ತೊಂದು ವರ್ಷದ ಗುನ್‌ವೊರ್ ಸ್ನಾನದ ತೊಟ್ಟಿಯ ಪಕ್ಕ ಮಂಡಿಯೂರಿ ದುಪ್ಪಟಿ ಹಿಂಡುತ್ತಿದ್ದಳು.

"ಏನಿದು ಗುನ್‌ವೊರ್! ಸೊಂಟ ಹಿಡ್ಕೊಂಡ್ರೆ?"

"ಹಿಡ್ಕೊಳ್ಲಿ ಬಿಡು. ಕಳ್ಳಿ ಅನ್ನಿಸ್ಕೊಂಡು ಕೆಳಗಿಳಿಯೋದಕ್ಕಿಂತ ಸೊಂಟನೋವೇ ವಾಸಿ. ನಲವತ್ತೊಂದು ವರ್ಷದಲ್ಲಿ ಯಾರ ಕಾಲು ಗಂಟೇನೂ ತಿಂದವಳಲ್ಲ ನಾನು. ಗೋಡೆ ಮೇಲೆ ಒತ್ತಿದ್ದೆ, ನನ್ನ ಹೆಸರೇ ಬಂದಿತ್ತು. ಇಲ್ಲಾ... ನಂಗೇ ಅರಳು ಮರಳೋ ಏನೋ, ಮರಿ."

ಆ ಕೊನೆಯ ಮಾತು ತೂವಾಳಿಗೆ ಚುಚ್ಚಿತು. ಕೆಳಗೆ ಹೋಗಿ ಪರದೆ ನೋಡಿದಳು: ಇಂದು ಬೆಳಿಗ್ಗೆ ಏಳು ಗಂಟೆ, ಗುನ್‌ವೊರ್. ತನ್ನ ಫೋನು ನೋಡಿದಳು: ಇಂದು ಬೆಳಿಗ್ಗೆ ಏಳು ಗಂಟೆ, ಬಿರ್ಗರ್. ಮತ್ತೆ ಮೇಲೆ ಬಂದು ಹೇಳಿದಳು: "ತಪ್ಪು ನಿಮ್ದಲ್ಲ, ನಂದು. ಒಂದು ಸರದಿಗೆ ಒಂದೇ ಹೆಸರು ಬರೋ ಹಾಗೆ ಮಾಡಿ, ಸಭೆಗೆ ಮುಂಚೆ ಬಿರ್ಗರ್ ಕಣ್ಣೆದುರೇ ತೋರಿಸ್ತೀನಿ. ನನ್ನ ಮಾತು."

ಗುನ್‌ವೊರ್‌ಳ ಅಡುಗೆಮನೆಯ ಮೇಜಿನ ಮೇಲೇ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಳು. ಕಾಫಿ ಬಂತು, ಏಲಕ್ಕಿ ಬನ್ನು ಬಂತು.

"ಪ್ರೋಗ್ರಾಂನಲ್ಲಿ ಕ್ಲಾಸ್ ಅಂದ್ರೆ ಒಂದು ಅಚ್ಚು, ಕ್ರಿಸ್ಮಸ್ ಬಿಸ್ಕತ್ತಿಗೆ ಇರುತ್ತಲ್ಲ ಹಾಗೆ. ಒತ್ತಿದಷ್ಟು ಸಲ ಹೊಸದೊಂದು. ನಾನು ಸರದಿ ಹಲಗೆಯ ಅಚ್ಚು ಬರೆದಿದ್ದೆ. ಗೋಡೆಯ ಪರದೆ ತನಗೊಂದು ಹಲಗೆ ಒತ್ಕೊಂಡಿದೆ, ಫೋನಿನ ಕಡೆಯದು ಇನ್ನೊಂದು. ಇದರ ಸುದ್ದಿ ಅದಕ್ಕಿಲ್ಲ."

"ಇಬ್ಬರು ಹೆಂಡಿರ ಗಂಡನ ಹಾಗೆ ಅನ್ನು. ಇಬ್ರಿಗೂ ಅದೇ ಸಂಜೆ ಮಾತು ಕೊಟ್ಟಿದೆ!"

ತೂವಾ ಅಚ್ಚನ್ನು ಹೊರಗಿನವರ ಕೈಗೆ ಸಿಗದಂತೆ ಒಳಗಿಟ್ಟಳು. ಇನ್ನು ಪರದೆಯಾಗಲಿ ಫೋನಾಗಲಿ ತಾವೇ ಹಲಗೆ ಒತ್ತಿಕೊಳ್ಳುವ ಹಾಗಿಲ್ಲ, ಕೇಳಿ ಪಡೆಯಬೇಕು. ಹಲಗೆ ಆಗಲೇ ಇದ್ದರೆ ಅದನ್ನೇ ಕೊಡುವುದು, ಇಲ್ಲದಿದ್ದರೆ ಒಂದು ಮಾಡಿ ಕೊಡುವುದು. ಗುನ್‌ವೊರ್ ಕೈಗೆ ಫೋನು ಕೊಟ್ಟು, ತಾನು ಲ್ಯಾಪ್‌ಟಾಪಿನಲ್ಲಿ ಒತ್ತಿ ಪರೀಕ್ಷಿಸಿದಳು. ಮೂರು ಸಲ ಸರಿಯಾಯಿತು. ನಾಲ್ಕನೇ ಸಲ, ಪ್ರೋಗ್ರಾಂ ಹೊಸದಾಗಿ ಶುರುವಾದ ಕ್ಷಣಕ್ಕೇ ಇಬ್ಬರೂ ಒಟ್ಟಿಗೆ ಒತ್ತಿದರು. ಮತ್ತೆ ಎರಡು ಹೆಸರು.

"ಅಯ್ಯೋ! ಇಬ್ರೂ ಒಂದೇ ಗಳಿಗೇಲಿ 'ಹಲಗೆ ಇದೆಯಾ' ಅಂತ ಕೇಳಿದ್ವಿ. ಇನ್ನೂ ಇರ್ಲಿಲ್ಲ. ಇಬ್ರಿಗೂ ಒಂದೊಂದು ಮಾಡಿ ಕೊಟ್ಟುಬಿಟ್ಟಿದೆ." ಗಂಟೆ ಮೂರಾಗಿತ್ತು. ತೂವಾಳ ಬನ್ನು ಹಾಗೇ ಉಳಿದಿತ್ತು.

"ಅಲ್ಲ ಮರಿ, ಹಲಗೆ ಇದೆಯೋ ಇಲ್ವೋ ಅಂತ ಬಂದವರು ಯಾಕೆ ಕೇಳ್ಬೇಕು? ನಾವು ಈ ಮನೆಗೆ ಬಂದಾಗ ಮೆಟ್ಟಿಲಿಗೆ ಬಣ್ಣ ಕೂಡ ಹಚ್ಚಿರ್ಲಿಲ್ಲ, ಹಲಗೆ ಮಾತ್ರ ಗೋಡೆ ಮೇಲಿತ್ತು. ಮೊದಲು ಹಲಗೆ, ಆಮೇಲೆ ಜನ."

ತೂವಾ ಒಂಬತ್ತು ಸಾಲು ಅಳಿಸಿ ಒಂದು ಸಾಲು ಬರೆದಳು. ಪ್ರೋಗ್ರಾಂ ಕಣ್ಣುಬಿಡುವಾಗಲೇ, ಯಾರಿಗೂ ಬಾಗಿಲು ತೆರೆಯುವ ಮೊದಲೇ, ಹಲಗೆ ಹುಟ್ಟಿರಬೇಕು. ಹುಟ್ಟುವುದು ಒಂದೇ. ಅದು ಹೆಸರುಗಳನ್ನು ಒಂದಾದ ಮೇಲೊಂದರಂತೆ ಬರೆದುಕೊಳ್ಳಬೇಕು. ಇಪ್ಪತ್ತು ಸಲ ಒತ್ತಿ ನೋಡಿದರು. ಇಪ್ಪತ್ತು ಸಲವೂ ಒಂದೇ ಹೆಸರು.

ಐದೂವರೆಗೆ ತೂವಾ, ಗುನ್‌ವೊರ್ ಇಳಿದು ಬಂದಾಗ ಬಿರ್ಗರ್ ನೆಲಮಾಳಿಗೆಯಲ್ಲಿ ಕೈಕಟ್ಟಿ ನಿಂತಿದ್ದ. "ತಪ್ಪೆಲ್ಲ ಯಂತ್ರದ ಮೇಲೆ ಹಾಕೋದು ಸುಲಭ."

"ಯಂತ್ರದ ಮೇಲಲ್ಲ, ನನ್ನ ಮೇಲೇ ಹಾಕೋತಿದ್ದೀನಿ. ಎರಡು ಹಲಗೆ ಮಾಡಿಟ್ಟವಳು ನಾನು. ನೀವು ಫೋನ್ ತೆಗೀರಿ, ಗುನ್‌ವೊರ್ ಗೋಡೆ ಮೇಲೆ. ಇಬ್ರೂ ಭಾನುವಾರ ಹತ್ತು ಗಂಟೆ ಒತ್ತಿ. ಒಂದು, ಎರಡು, ಮೂರು!"

ಗೋಡೆಯ ಪರದೆ ಗುನ್‌ವೊರ್‌ಗೆ ಹೇಳಿತು: ಈ ಸರದಿ ಬಿರ್ಗರ್ ಅವರದು.

"ನಿಂಗೇ ಸಿಕ್ತು ಕಣೋ!" ಗುನ್‌ವೊರ್ ಗೆದ್ದವಳಂತೆ ಚಪ್ಪಾಳೆ ತಟ್ಟಿದಳು.

ಬಿರ್ಗರ್ ಪರದೆ ನೋಡಿದ, ಫೋನು ನೋಡಿದ. ಅವನ ಕಿವಿ ಕೆಂಪಾಯಿತು. "ದೂರು ವಾಪಸ್ ತಗೋತೀನಿ. ಸಭೇಲಿ ನಾನೇ ಹೇಳ್ತೀನಿ." ಆಮೇಲೆ, "ಭಾನುವಾರ ನೀವೇ ಒಗೀರಿ ಗುನ್‌ವೊರ್," ಎಂದ.

"ಬೇಡಪ್ಪ, ನಿನ್ನ ಸರದಿ ನಿಂಗೆ." ಅವಳು ಕನ್ನಡಕ ಸರಿಮಾಡಿಕೊಂಡು ಪರದೆಯ ಮೇಲೆ ಸೋಮವಾರ ಏಳು ಗಂಟೆ ಒತ್ತಿದಳು. ತೂವಾ ಬಿರ್ಗರ್‌ನ ಕೈಯಲ್ಲಿದ್ದ ಫೋನಿಗೆ ಬಗ್ಗಿದಳು. ಸೋಮವಾರ, ಏಳು ಗಂಟೆ: ಗುನ್‌ವೊರ್.