ಪಾದ್ರಿಮನೆಯ ಕಾಕಂಬಿ ಮರ

ನನ್ನ ಅಣ್ಣ ಸೆಪ್ಟಿಮಸ್ ಊರಿಗೆ ಪಾದ್ರಿ, ಶಾಲಾ ಮಂಡಳಿಗೆ ಸದಸ್ಯ, ಮದ್ಯವರ್ಜನ ಸಂಘಕ್ಕೆ ಅಧ್ಯಕ್ಷ. ಮನೆಗೆ ಮಾತ್ರ ಏನೂ ಅಲ್ಲ. ಮನೆ ನಡೆಸುವವಳು ತಂಗಿ ಹ್ಯಾರಿಯೆಟ್, ಅಂದರೆ ನಾನು. ಅವನ ಜೀವವೆಲ್ಲ ಪತಂಗಗಳ ಮೇಲೆ. ಭಾನುವಾರ ದೇವರ ಸೃಷ್ಟಿಯನ್ನು ಹೊಗಳುತ್ತಾನೆ, ಸೋಮವಾರ ಅದನ್ನೇ ಸೂಜಿಗೆ ಚುಚ್ಚಿ ಡಬ್ಬಿಯಲ್ಲಿಡುತ್ತಾನೆ.

ಪತಂಗ ಹಿಡಿಯುವವರೆಲ್ಲ ಮಾಡುವ ಉಪಾಯ ಒಂದೇ. ಕಾಕಂಬಿ ಎಂಬ ಕಬ್ಬಿನ ಕಪ್ಪು ಪಾಕವನ್ನು ಕುದಿಸಿ, ಇಳಿಸಿ, ಅದಕ್ಕೆ ರಮ್ ಸುರಿದು ಸಂಜೆ ಮರದ ಬೊಡ್ಡೆಗೆ ಬಳಿಯುವುದು. ಪತಂಗಗಳು ಹೀರಿ, ಮತ್ತೇರಿ, ಕೈಗೆ ಸಿಗುತ್ತವೆ. ಸಂಘದ ಅಧ್ಯಕ್ಷರು ರಮ್ ಕೊಳ್ಳಲು ಹೋಗುವಂತಿಲ್ಲವಲ್ಲ! ಪಕ್ಕದೂರಿನಿಂದ ಹಲ್ಲುನೋವಿಗೆಂದು ನಾನೇ ತರುತ್ತಿದ್ದೆ. ನನಗೆ ಒಂದು ಹಲ್ಲೂ ಉಳಿದಿಲ್ಲವೆಂದು ಆ ಅಂಗಡಿಯವನು ಎಣಿಸಿರಬೇಕು.

ಬೂಟು ಹೊಲಿಯುವ ಏಮಸ್ ಆ ವರ್ಷದ ಈಸ್ಟರಿನಲ್ಲಿ ಇನ್ನು ಕುಡಿಯುವುದಿಲ್ಲವೆಂದು ಅಣ್ಣನ ಮುಂದೆ ಪ್ರಮಾಣ ಮಾಡಿ, ಸಂಘದ ನೀಲಿ ಪಟ್ಟಿಯನ್ನು ಕೋಟಿಗೆ ಸಿಕ್ಕಿಸಿಕೊಂಡಿದ್ದ. ಅವನ ಹೆಂಡತಿ ಡೈನಾ ನಗುವುದನ್ನು ಊರು ಆಗಲೇ ಮೊದಲು ಕಂಡದ್ದು. ಅವಳನ್ನು ನೋಡಿದರೆ ನನಗೂ ಹೊಟ್ಟೆ ತಣ್ಣಗಾಗುತ್ತಿತ್ತು.

ಜುಲೈನ ಒಂದು ಮುಸ್ಸಂಜೆ ಅಣ್ಣ ಲಾಟೀನು ಹಿಡಿದು ಕಾಕಂಬಿ ಬಳಿದಿದ್ದ ಓಕ್ ಮರದ ಹತ್ತಿರ ಹೋದ. ನಾನೂ ಹಿಂದೆ ಹೋದೆ. ನೋಡಿದರೆ ಪತಂಗಗಳ ನಡುವೆ ಏಮಸ್, ಮರವನ್ನು ತಬ್ಬಿಕೊಂಡು ನೆಕ್ಕುತ್ತಿದ್ದಾನೆ!

"ಪ್ರಮಾಣ ಏನಾಯ್ತೋ ಏಮಸ್?"

"ಕುಡಿಯಲ್ಲ ಅಂದಿದ್ದೆ, ಅಯ್ಯನವರೇ. ಕುಡಿದಿಲ್ಲ. ಲೋಟ ಎಲ್ಲಿದೆ, ತೋರ್ಸಿ ನೋಡೋಣ!"

ಅವನು ತೂರಾಡುತ್ತ ಮನೆಗೆ ಹೋಗುವಾಗ ಸಂಘದ ಕಾರ್ಯದರ್ಶಿ ಮಿಸೆಸ್ ಟ್ಯಾಪ್‌ಸ್ಕಾಟ್ ಕಣ್ಣಿಗೆ ಬಿದ್ದ. ಆಕೆಯ ಕಣ್ಣಿಗೆ ಬೀಳದ್ದು ಊರಲ್ಲಿ ಏನಿದೆ?

ಮುಂದಿನ ಸಭೆಯಲ್ಲಿ ಆಕೆ ಎದ್ದು ನಿಂತಳು. "ಕುಡುಕನಿಗೆ ಪಟ್ಟಿ ಯಾಕೆ? ಬಿಚ್ಚಿ ಕೊಡು, ಏಮಸ್."

ಏಮಸ್ ತುಟಿ ಬಿಚ್ಚಲಿಲ್ಲ. ಪಾದ್ರಿಯನ್ನು ಹಿಡಿದುಕೊಡಲು ಅವನಿಗೆ ಮನಸ್ಸಿರಲಿಲ್ಲ. ಡೈನಾ ತಲೆ ತಗ್ಗಿಸಿ ಕೂತಿದ್ದಳು. ಆ ಮುಖ ನನ್ನಿಂದ ನೋಡಲಾಗಲಿಲ್ಲ. ಬಾಯಿ ಬಿಟ್ಟರೆ ಅಣ್ಣನ ಮಾನ ಹೋಗುತ್ತದೆಂದು ಗೊತ್ತಿದ್ದೂ ಮೇಜಿನಡಿ ಅವನ ಕಾಲಿಗೆ ಒದ್ದೆ. ಆದರೆ ಅವನು ಅಷ್ಟರಲ್ಲೇ ಏಳುತ್ತಿದ್ದ.

"ರಮ್ ನಂದು," ಎಂದ. "ಮರಕ್ಕೆ ಬಳಿದಿದ್ದೂ ನಾನೇ. ಬಿಚ್ಚೋದಾದ್ರೆ ಮೊದಲು ನನ್ನ ಪಟ್ಟಿ."

"ರಮ್ಮಾ? ಅಯ್ಯನವರೇ, ನೀವಾ?"

"ಪತಂಗಕ್ಕಮ್ಮಾ."

ಅವನು ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟ. ನನ್ನ ಅಣ್ಣನ ಬಗ್ಗೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಡೈನಾ ಎದ್ದು ಬಂದಳು, ಪಟ್ಟಿ ಎತ್ತಿಕೊಂಡಳು, ಆದರೆ ಕೊಡಲಿಲ್ಲ.

"ಇನ್ನು ಆ ಮರಕ್ಕೆ ಬಳೀತೀರಾ?"

"ಇಲ್ಲಮ್ಮ. ಪತಂಗದ ಸಹವಾಸವೇ ಬೇಡ. ನಾಳೆಯಿಂದ ಜೀರುಂಡೆ ಹಿಡೀತೀನಿ."

"ಅದಕ್ಕೇನು ಇಡ್ತೀರಿ?"

"ಸಗಣಿ."

ಡೈನಾ ಅಣ್ಣನ ಕೋಟಿಗೆ ಪಟ್ಟಿ ಸಿಕ್ಕಿಸಿ, ಗಂಡನ ಕಡೆ ತಿರುಗಿದಳು. ಏಮಸ್ ತನ್ನ ಪಟ್ಟಿಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡ.

"ಹಾಗಾದ್ರೆ ಈ ಸಲ ಪ್ರಮಾಣ ಉಳಿಯುತ್ತೆ ಬಿಡೇ," ಎಂದ.