ಕೊನೆಯಲ್ಲಿ ‘ಬಾಡಿಗೆ’ ಎಂದಿದ್ದವರು

ಆ ಐದಂತಸ್ತಿನ ಕಟ್ಟಡದಲ್ಲಿ ಎಲ್ಲರೂ ಅವನನ್ನು ಕಂಪ್ಯೂಟರಣ್ಣ ಎನ್ನುತ್ತಿದ್ದರು. ಮನೆಮನೆಗೆ ಸೂಚನೆಯ ಮೆಸೇಜು ಕಳಿಸುವ ಉಸಾಬರಿಯನ್ನು ತಾನಾಗಿಯೇ ಮೈಮೇಲೆ ಎಳೆದುಕೊಂಡಿದ್ದ. ಮಗಳ ಹತ್ತಿರ ಇರಬೇಕೆಂದು ಅವನ ಮಾವ ಅದೇ ಕಟ್ಟಡದ ಕೆಳಮನೆಯನ್ನು ಬಾಡಿಗೆಗೆ ಹಿಡಿದಿದ್ದರು.

ನೀರಿನ ಟ್ಯಾಂಕು ತೊಳೆಸುವ ದಿನ ನಿಗದಿಯಾದಾಗ ಸಂಘದ ಕಾರ್ಯದರ್ಶಿ ಬಂದು ದನಿ ತಗ್ಗಿಸಿದ.

“ಬಾಡಿಗೆಯವ್ರಿಗೆ ಮೆಸೇಜು ಬೇಡ. ಗೊತ್ತಾದ್ರೆ ಡ್ರಮ್‌ಗಟ್ಟಲೆ ಹಿಡಿದಿಟ್ಕೊಳ್ತಾರೆ. ಸ್ವಂತ ಮನೆಯವ್ರ ನಲ್ಲೀಲಿ ಬರೀ ಗಾಳಿ.”

ಕಂಪ್ಯೂಟರಣ್ಣನಿಗೆ ಅದು ಸರಿಯೆನಿಸಲಿಲ್ಲ. ಆದರೆ ಅದೆಷ್ಟು ಸುಲಭ ಎಂದು ತೋರಿಸುವ ಚಪಲ ಬಿಡಲಿಲ್ಲ. ಮೆಸೇಜಿನ ಪಟ್ಟಿಯಲ್ಲಿ ಬಾಡಿಗೆಯವರ ಹೆಸರಿನ ಕೊನೆಗೆಲ್ಲ ‘ಬಾಡಿಗೆ’ ಎಂದು ಸೇರಿಸಿಟ್ಟಿದ್ದರು. ಹೆಸರು ಆ ಪದದಿಂದ ಮುಗಿದರೆ ಬಿಟ್ಟುಬಿಡು ಎಂದು ಕಂಪ್ಯೂಟರಿಗೆ ಪದ ಹುಡುಕಲು ಹೇಳುವ ಸೂತ್ರವೊಂದನ್ನು, ಒಂದೇ ಸಾಲಿನ ರೆಗ್ಯುಲರ್ ಎಕ್ಸ್‌ಪ್ರೆಶನ್ನನ್ನು, ಬರೆದ. ಪದ ಹೆಸರಿನ ಕೊನೆಯಲ್ಲೇ ಇರಬೇಕೆಂಬ ಗುರುತಿಗೆ ಒಂದು ಡಾಲರ್ ಚಿಹ್ನೆ, ಅಷ್ಟೇ. “ಭಲೇ!” ಎಂದ ಕಾರ್ಯದರ್ಶಿ. ಯಾರ್ಯಾರು ಬಿಟ್ಟುಹೋದರೆಂದು ನೋಡುವ ಗೋಜಿಗೆ ಇಬ್ಬರೂ ಹೋಗಲಿಲ್ಲ.

ಟ್ಯಾಂಕು ತೊಳೆಯುವ ದಿನ ಬೆಳಗ್ಗೆ ಬಾಗಿಲು ದಬದಬ ಬಡಿದ ಸದ್ದಾಯಿತು. ಮಾವ! ಸೊಂಟಕ್ಕೆ ಟವೆಲು, ತಲೆ ತುಂಬ ನೊರೆ, ಒಂದು ಕಣ್ಣು ಮುಚ್ಚಿದೆ.

“ಸೋಪು ಹಚ್ಚಿದ್ದೇ ತಡ, ನಲ್ಲಿ ನಿಂತೋಯ್ತು ಕಣಪ್ಪ!”

“ಏನಪ್ಪಾ ಇದು ಅವತಾರ!” ಎಂದು ನಗುತ್ತ ಹೆಂಡತಿ ತುಂಬಿದ ಡ್ರಮ್ಮಿನಿಂದ ನೀರು ಮೊಗೆದು ಸುರಿದಳು. ಮಾವನ ಮಾತು ನಿಲ್ಲಲಿಲ್ಲ.

“ಕೆಳಗೆ ದೊಡ್ಡ ರಂಪ. ಬೇಕಂತ್ಲೇ ನಮ್ಮನ್ನ ಬಿಟ್ಟಿದಾರೆ ಅಂತ ಬಾಡಿಗೆಗಿರೋ ಆ ಟೈಲರ್ ಕೂಗಾಡ್ತಿದ್ದ. ಈ ವೇಷದಲ್ಲೇ ಜಾಡಿಸಿ ಬಂದೆ. ಮೆಸೇಜು ಕಳಿಸೋನು ನನ್ನ ಅಳಿಯ, ಅಂಥ ಹೊಲಸು ಬುದ್ಧಿ ಅವನಿಗಿಲ್ಲ ಅಂದೆ.”

ಕಂಪ್ಯೂಟರಣ್ಣನ ಕಿವಿ ಬಿಸಿಯಾಯಿತು.

“ನಮಗೆ ಬಂದಿತ್ತಲ್ಲ, ಅಪ್ಪಂಗ್ಯಾಕೆ ಬರ್ಲಿಲ್ಲ?” ಹೆಂಡತಿ ಅವನತ್ತ ತಿರುಗಿದಳು.

“ಅದು... ಕಂಪ್ಯೂಟರು...” ಎಂದು ಶುರುಮಾಡಿದವನು ಮಾತು ಬದಲಿಸಿದ. “ಇಲ್ಲ ಮಾವ. ನಾನೇ ಬಿಟ್ಟಿದ್ದು. ಬಾಡಿಗೆಯವ್ರನ್ನೆಲ್ಲ. ಅದ್ರಲ್ಲಿ ನೀವೂ ಇದೀರಿ ಅಂತ ಹೊಳೀಲೇ ಇಲ್ಲ.”

ತಲೆ ಒರೆಸುತ್ತಿದ್ದ ಮಾವ ಹಾಗೇ ನಿಂತರು. “ಅದ್ರಲ್ಲಿ ನಾನಿಲ್ದಿದ್ರೆ ಸರಿಹೋಗ್ತಿತ್ತಾ?”

ಹೆಂಡತಿ ಚೊಂಬನ್ನು ಸದ್ದಾಗುವಂತೆ ಕೆಳಗಿಟ್ಟು ಒಳಗೆ ಹೋದಳು.

“ಎರಡು ಬಕೆಟ್ಟು ತುಂಬ್ಸು,” ಎಂದರು ಮಾವ, ಅಳಿಯನ ಅಂಗಿಯನ್ನೇ ತೊಟ್ಟುಕೊಳ್ಳುತ್ತ. “ಅವ್ರಿಗೆಲ್ಲ ಕೊಟ್ಟು ಬರೋಣ, ನಾನೂ ಬರ್ತೀನಿ. ಸುಮ್‌ಸುಮ್ನೆ ಬೈದು ಬಂದಿದೀನಿ ಆ ಟೈಲರ್‌ಗೆ.”

ಟೈಲರ್ ಬಾಗಿಲು ತೆರೆದಾಗ ಮೊದಲು ಬಾಯಿಬಿಟ್ಟವರು ಮಾವನೇ. “ದುಡುಕಿದೆ, ತಪ್ಪಾಯ್ತಪ್ಪ.” ತನ್ನಿಂದಾಗಿ ಆ ಹಿರಿಯರು ತಲೆತಗ್ಗಿಸಿದ್ದನ್ನು ಕಂಡು ಕಂಪ್ಯೂಟರಣ್ಣ ಹಿಡಿಯಷ್ಟಾದ. “ನೀವು ಹೇಳಿದ್ದೇ ನಿಜ. ಬೇಕಂತ್ಲೇ ಬಿಟ್ಟೆ,” ಎಂದ.

ಟೈಲರ್ ಅವನತ್ತ ನೋಡಲೂ ಇಲ್ಲ. ಮಾವನ ಕೈಯ ಬಕೆಟ್ಟು ಇಸಿದುಕೊಂಡು, “ಒಳಗೆ ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ,” ಎಂದ. ಬಾಗಿಲು ಮುಚ್ಚಿಕೊಂಡಿತು.

ಉಳಿದ ಬಕೆಟ್ಟನ್ನೆತ್ತಿಕೊಂಡು ಅವನು ಪಕ್ಕದ ಬಾಡಿಗೆ ಮನೆಯ ಬಾಗಿಲು ತಟ್ಟಿದ. ಕಂಕುಳಲ್ಲಿ ಕೂಸು ಹೊತ್ತವಳು ನೀರು ನೋಡಿದ್ದೇ ಮುಖ ಅರಳಿಸಿ, “ಪುಣ್ಯಾತ್ಮ, ಸಮಯಕ್ಕೆ ಬಂದ್ರಿ ನೋಡಿ!” ಎಂದಳು.

ಅವನು ಹೇಳಬೇಕಾದ್ದನ್ನು ಮತ್ತೆ ಮೊದಲಿನಿಂದ ಶುರುಮಾಡಿದ.